ಬಿಚ್ಚಿದರೆ ಕಾಣುವ ಹೆಸರು

ಅವರ ಬಲಗೈ ಹೆಬ್ಬೆರಳಿನ ಉಗುರು ನಡುವೆ ಸೀಳಿ ಎರಡಾಗಿತ್ತು. ಬಿಲಿಯರ್ಡ್ಸ್‌ನಂಥ ಪೂಲ್ ಆಟದಲ್ಲಿ ಚೆಂಡು ಹೊಡೆಯುವ ಕ್ಯೂ ಕೋಲಿನ ಎರಡು ತುಂಡುಗಳನ್ನು ತಿರುಗಿಸಿ ಕೂಡಿಸಿ, ಸೇರಿದ ಜಾಗದ ಮೇಲೆ ಆ ಉಗುರನ್ನು ಎಳೆಯುತ್ತಿದ್ದರು. ಉಗುರು ಒಂದಿಷ್ಟು ತಡೆದರೂ ಸಾಕು, ಕೋಲು ಮತ್ತೆ ಕಟ್ಟಿಗೆ ಕಡೆಯುವ ಲೇಥಿಗೆ ಏರುತ್ತಿತ್ತು. ನಾನಿದ್ದ ಕಾರ್ಖಾನೆ ಮುಚ್ಚಿದಾಗ ಮುಂಬಯಿಯ ಕುರ್ಲಾದ ತಮ್ಮ ಪುಟ್ಟ ವರ್ಕ್‌ಶಾಪಿನಲ್ಲಿ ನನಗೆ ಕೆಲಸ ಕೊಟ್ಟವರು ಅವರೇ. ವಿಜಯಪುರದ ಕಡೆಯವರು, ನಾನು ಕಾಕಾ ಎನ್ನುತ್ತಿದ್ದೆ.

ಕೋಲಿನ ಬಾಯಿಗೆ ಉಕ್ಕಿನ ಬಳೆ ತೊಡಿಸಿ, ಒಳಗೆ ಹಿತ್ತಾಳೆ ಕೂರಿಸಿ ಜೋಡಿಸುವುದು ಎಲ್ಲರ ರೀತಿ. ಬೇಗ ಆಗುತ್ತದೆ, ಸಣ್ಣಪುಟ್ಟ ತಪ್ಪನ್ನೂ ಮುಚ್ಚುತ್ತದೆ. ಕಾಕಾ ಹಾಗಲ್ಲ. ತಿರುಪನ್ನು ಕಟ್ಟಿಗೆಯಲ್ಲೇ ಕೊರೆದು, ಕಟ್ಟಿಗೆಯ ಮುಖಕ್ಕೆ ಕಟ್ಟಿಗೆಯ ಮುಖವನ್ನೇ ಕೂಡಿಸುತ್ತಿದ್ದರು.

"ಉಕ್ಕು ಅಂದ್ರ ಬಾಡಿಗಿ ಮನಿಯವ ಇದ್ದಂಗ. ಒಳಗಿದ್ರೂ ನಮ್ಮವ ಅಲ್ಲ. ಚೆಂಡಿಗೆ ಹೊಡದ್ರ ಅಂಗೈಗೆ ಸುದ್ದಿ ಮುಟ್ಟಬೇಕೋ," ಎನ್ನುತ್ತಿದ್ದರು.

ನಮ್ಮ ಕೋಲುಗಳನ್ನು ಕೊಳ್ಳುತ್ತಿದ್ದವನು ವಿಲೆ ಪಾರ್ಲೆಯ ಒಬ್ಬ ಅಂಗಡಿಕಾರ, ಅವನೂ ಕನ್ನಡಿಗನೇ, ಬೆಳಗಾವಿಯವನು. ಹಿಡಿಯ ಬುಡದಲ್ಲಿ ಕಾಕಾ ಬರೆದಿದ್ದ ತಮ್ಮ ಹೆಸರನ್ನು ಉಜ್ಜಿ ಅಳಿಸಿ, ತನ್ನ ಹೆಸರು ಹಾಕಿ ಮಾರುತ್ತಿದ್ದ. ಒಮ್ಮೆ ನಾವಿಬ್ಬರೂ ಮಾಲು ಕೊಡಲು ಹೋದಾಗ ಗಿರಾಕಿಗಳ ಎದುರು, "ಇವರು ನಮ್ಮ ಲೇಬರ್. ಡಿಸೈನ್ ಎಲ್ಲಾ ನಂದ ಐತಿ," ಎಂದ. ನನಗೆ ಮೈಯೆಲ್ಲ ಉರಿಯಿತು. ಅವನು ಕೊಟ್ಟ ಚಹಾ ಕುಡಿದು ಕಾಕಾ ಎದ್ದರು. ದಾದರಿನಲ್ಲಿ ಲೋಕಲ್ ರೈಲು ಬದಲಿಸಿದೆವು.

"ಉಜ್ಜಲಿ ಮಗ," ಎಂದರು ಆಮೇಲೆ. "ಉಜ್ಜಿದ್ರ ಅವನ ಹೊಟ್ಟಿಗೇ ಹೊಡತ ಬೀಳೋ ಜಾಗಾದಾಗ ಬರೀತೀನಿ."

ಮರುದಿನದಿಂದ ಅವರು ಬಿಸಿ ಸೂಜಿಯಿಂದ, ಕೋಲು ಬಿಚ್ಚಿದಾಗ ಮಾತ್ರ ಕಾಣುವ ಆ ಕಟ್ಟಿಗೆಯ ಮುಖದ ಮೇಲೆ, ತಿರುಪಿನ ಸುತ್ತ ತಮ್ಮ ಹೆಸರನ್ನು ಸುಟ್ಟು ಬರೆಯತೊಡಗಿದರು. ಆ ಮುಖ ಕೂದಲೆಳೆಯಷ್ಟು ಸವೆದರೂ ಜೋಡಣೆ ಕೆಟ್ಟಂತೆ. ಅಂಗಡಿಕಾರನಿಗೆ ಅದೆಲ್ಲಿ ಗೊತ್ತು? ಅದನ್ನೂ ಉಜ್ಜಿದ. ಆಟಗಾರರು ಕೋಲು ಅಲುಗುತ್ತದೆಂದು ಜಗಳಕ್ಕೆ ಬಂದರು. ನಮ್ಮನ್ನು ಕರೆಸಿದ. ಕಾಕಾ ಒಂದು ಕೋಲನ್ನು ಕೂಡಿಸಿ ಟ್ಯೂಬ್‌ಲೈಟಿಗೆ ಹಿಡಿದರು. ಸೇರಿದ ಜಾಗದಲ್ಲಿ ಬೆಳಕಿನ ಗೆರೆ ಕಂಡಿತು.

"ಡಿಸೈನ್ ನಿಮ್ದ ಅಲ್ಲೇನ್ರೀ ಸಾವಕಾರ್ರ? ನೀವ ಸರಿ ಮಾಡ್ರಿ," ಎಂದು ಅವನ ಕೈಗಿತ್ತರು.

ಗಿರಾಕಿಗಳೆಲ್ಲ ನೋಡುತ್ತಿದ್ದರು. ಅವನು ಇಂಗು ತಿಂದ ಮಂಗನಂತೆ ನಿಂತ. ಅಷ್ಟು ಖುಷಿ ನನಗೆ ನನ್ನ ಮದುವೆಯಲ್ಲೂ ಆಗಿರಲಿಲ್ಲ. ಅಂದಿನಿಂದ ಅವನು ಆ ಹೆಸರನ್ನು ಮುಟ್ಟಲಿಲ್ಲ.

ಹೋದ ವರ್ಷ ಸಯನ್‌ನ ಮಗಳ ಮನೆಯಲ್ಲಿ ಕಾಕಾ ತೀರಿಕೊಂಡರು. ಉತ್ತರಕ್ರಿಯೆ ಮುಗಿಯುತ್ತಲೇ ಅಂಗಡಿಕಾರ ವರ್ಕ್‌ಶಾಪಿಗೆ ಬಂದ.

"ಇನ್ನ ಆ ಮುದುಕನ ಹೆಸರ್ಯಾಕೋ? ಒಳಗ ನಿಂದು ಬರಕೋ, ಹೊರಗ ನಂದು ಇರ್ಲಿ."

ಆಸೆಯಾಗಲಿಲ್ಲ ಎಂದರೆ ಸುಳ್ಳಾದೀತು. ಇಷ್ಟು ವರ್ಷ ಲೇಥ್ ತಿರುಗಿಸಿದರೂ ನನ್ನ ಹೆಸರು ಎಲ್ಲಿಯೂ ಬಿದ್ದಿಲ್ಲ. "ಆತು ತಗೋರಿ," ಎಂದು ಕಳಿಸಿದೆ. ಅವನು ಹೋದ ಮೇಲೆ ಸೂಜಿ ಕಾಯಿಸಿ, ಕಾಕಾರ ಹೆಸರನ್ನೇ ಇನ್ನಷ್ಟು ಆಳಕ್ಕೆ ಸುಟ್ಟೆ. ಆಟಗಾರರು ಈ ಜೋಡಣೆಯನ್ನೇ ಕೇಳುತ್ತಾರೆ, ಹಾಗಾಗಿ ಅವನು ಬೇಡವೆನ್ನಲಾರ. ಉಜ್ಜಲೂ ಆಗದು. ಹಲ್ಲು ಕಡಿಯುತ್ತಾ ಮಾರುತ್ತಾನೆ.

ಕಾಕಾರ ಹೆಸರನ್ನು ನಾನಿಲ್ಲಿ ಬೇಕೆಂದೇ ಬರೆದಿಲ್ಲ. ತಿಳಿಯಬೇಕೆನ್ನುವವರು ಪಾರ್ಲೆಯ ಆ ಅಂಗಡಿಗೆ ಹೋಗಿ, ಒಂದು ಕೋಲು ಕೇಳಿ, ಮಾಲೀಕನ ಎದುರೇ ಬಿಚ್ಚಿ, ಗಟ್ಟಿಯಾಗಿ ಓದಲಿ.