ಹಗುರ ಸೀರೆ

ಬಟ್ಟೆಯಂಗಡಿಯಲ್ಲಿ ಸುಮ್ಮನೆ ಕೂಡುವುದು ನನ್ನಿಂದಾಗದ ಕೆಲಸ. ಹಾಸಿದ ಸೀರೆಗಳನ್ನೆಲ್ಲ ಎತ್ತಿ ಎತ್ತಿ ಅಂಗೈಯಲ್ಲಿ ತೂಗುತ್ತೇನೆ. ಬಣ್ಣ ಆಮೇಲೆ, ಅಂಚು ಆಮೇಲೆ. ನನ್ನ ಚಡಪಡಿಕೆಗೆ ಅಂಗಡಿಯವರು ಬೇಸರಪಟ್ಟರೆ ಪಡಲಿ. ಭಾರವಾದದ್ದೆಲ್ಲ ಗಟ್ಟಿ ಎಂದು ನಂಬುವವರಿದ್ದಾರೆ. ಗಂಜಿಗೂ ಭಾರವಿರುತ್ತದೆ, ಮೊದಲ ಒಗೆತಕ್ಕೇ ಅದು ನೀರುಪಾಲು. ಸಣ್ಣ ನೂಲನ್ನು ಒತ್ತಾಗಿ ನೇಯ್ದರೆ ಹಗುರ ಸೀರೆಯೂ ವರ್ಷಗಟ್ಟಲೆ ಬಾಳುತ್ತದೆ. ಇದನ್ನೆಲ್ಲ ನಾನು ಕಲಿತದ್ದು ಅಕ್ಕನ ಬಾಣಂತನದಲ್ಲಿ.

ಅದು ಕನ್ನಡ ನಾಡು ಒಂದಾದ ವರ್ಷ. ಅಕ್ಕನ ಗಂಡನ ಮನೆ ಮುಂಡರಗಿಯ ಆಚೆ, ಅಲ್ಲಿಯತನಕ ಹೈದರಾಬಾದಿಗೆ ಸೇರಿದ್ದ ಹಳ್ಳಿಯಲ್ಲಿ. ಹೆರಿಗೆಗೆಂದು ಬೆಟಗೇರಿಯ ತವರಿಗೆ ಬಂದವಳು ಜ್ವರ ಹಿಡಿದು ಸೊರಗಿದ್ದಳು. ಅವಳನ್ನೂ ಕೂಸನ್ನೂ ಕರೆದೊಯ್ಯಲು ಅವಳ ಅತ್ತೆ ಬರುವವರಿದ್ದರು. ಅವ್ವನಿಗೆ ನಿಂತಲ್ಲಿ ನೆಲೆಯಿಲ್ಲ. ಓಣಿಯ ನೇಕಾರರಲ್ಲಿಗೆ ಹೋಗಿ ದಪ್ಪ ನೂಲಿನ, ಅಗಲ ಅಂಚಿನ ಸೀರೆ ತಂದಳು.

ಅಕ್ಕ ಉಟ್ಟು ನೋಡಿದಳು. ಕೂಸನ್ನು ಎತ್ತಿಕೊಂಡು ನಾಲ್ಕು ಹೆಜ್ಜೆ ಇಡುವಷ್ಟರಲ್ಲಿ ಗೋಡೆ ಹಿಡಿದು ಕುಸಿದು ಕೂತಳು. ನಾನು ಓಡಿ ಕೂಸನ್ನು ಇಸಿದುಕೊಂಡೆ.

“ನನಗ ಹಗೂರಂದು ಕೊಡಬೇ,” ಎಂದಳು ಅಕ್ಕ.

“ಹಗೂರ ಸೀರಿ ಉಟ್ಟು ಹೋದ್ರ ಬೀಗರು ಏನಂದಾರು?”

“ಅವರು ಏನರ ಅನ್ನಲಿ. ಸೀರಿ ಹೊರಬೇಕೋ, ಕೂಸಿನ್ನ ಹೊರಬೇಕೋ? ಎರಡೂ ನನ್ನ ಕೈಲೆ ಆಗೂದಿಲ್ಲ.”

ಅಕ್ಕ ಅವ್ವನಿಗೆ ಎದುರು ಮಾತಾಡಿದ್ದು ಅದೇ ಮೊದಲು. ಮರುದಿನ ನೇಕಾರರ ಮನೆಯಿಂದ ಇನ್ನೊಂದು ಸೀರೆ ಬಂತು, ಕೈಗೆತ್ತಿಕೊಂಡರೆ ಇದೆಯೋ ಇಲ್ಲವೋ ಎನ್ನುವಂಥದ್ದು. ಭಾರದ ಸೀರೆಯನ್ನು ಅವ್ವ ತಾನೇ ಉಟ್ಟು ಬಾಗಿಲಲ್ಲಿ ನಿಂತಳು. ಮನೆಯಲ್ಲಿ ಒಬ್ಬರಾದರೂ ಮರ್ಯಾದೆ ಹೊರಬೇಕಲ್ಲ!

ಅತ್ತೆ ಬಂದರು. ಅವರದೂ ಅಂಥದೇ ಭಾರದ ಸೀರೆ. ಬಸ್ಸಿನಲ್ಲಿ ಬೆಂದು ಬೆವರಿ ಮುಖ ಕೆಂಪಾಗಿತ್ತು. ನೀರು ಕುಡಿದವರೇ ಅಕ್ಕನ ಸೆರಗನ್ನು ಅಂಗೈಗೆ ತೆಗೆದುಕೊಂಡರು. ಅವ್ವ ಬಾಗಿಲ ಚೌಕಟ್ಟು ಹಿಡಿದುಕೊಂಡಳು.

“ಎಷ್ಟು ಹಗೂರ ಐತಲ್ಲವಾ ಇದು!” ಎಂದರು ಅತ್ತೆ. ಆಮೇಲೆ ದನಿ ತಗ್ಗಿಸಿ, “ಇಂಥಾದ್ದು ಇನ್ನೊಂದು ಐತೇನು? ನಿಮ್ಮವ್ವ ನೋಡ್ಲಿ ಅಂತ ಈ ಭಾರದ್ದು ಉಟಗೊಂಡು ಬಂದೆ. ಸೊಂಟಾ ಬಿದ್ದು ಹೋತು.”

ಅಕ್ಕ ತನ್ನದೊಂದು ಹಳೆಯ ನೂಲಿನ ಸೀರೆ ಕೊಟ್ಟಳು. ಅತ್ತೆ ಅದನ್ನುಟ್ಟು ಹೊರಬಂದದ್ದನ್ನು ಅವ್ವ ನೋಡಿದಳು. ಒಳಗೆ ಹೋದವಳು ಊಟಕ್ಕೆ ಬಡಿಸಲು ಬಂದಾಗ ಮನೆಯಲ್ಲುಡುವ ಮಾಸಲು ಸೀರೆಯಲ್ಲಿದ್ದಳು. ಬೀಗತಿಯರಿಬ್ಬರೂ ಒಬ್ಬರನ್ನೊಬ್ಬರು ನೋಡಿ, ಅಕ್ಕನ ಮದುವೆಯಾದಾಗಿನಿಂದ ಮೊದಲ ಸಲ, ಬಾಯಿತುಂಬ ನಕ್ಕರು.