ಶಾಲು ಹೊದಿಸಿದ ಮೇಲೆ

ನನ್ನ ಮುಂದಿನ ಮೇಲ್ಹಲ್ಲುಗಳು ಹೋದದ್ದು ಗೆಜ್ಜಲಗೆರೆಯ ಹತ್ತಿರ. ಭಾರತೀನಗರದಲ್ಲಿ ಮಕ್ಕಳಿಗೆ ಕೊಳಲು ಪಾಠ ಮುಗಿಸಿ, ಗೆಳೆಯನನ್ನು ನೋಡಲು ಆ ಕಡೆ ಹೋಗಿದ್ದೆ. ಫ್ಯಾಕ್ಟರಿ ಶಿಫ್ಟು ಬಿಟ್ಟ ಹೊತ್ತು. ಯಾರದೋ ಬೈಕು ಅಡ್ಡ ಬಂತು, ಸ್ಕೂಟರು ಮಗುಚಿತು. ರಕ್ತ ಒರೆಸಿಕೊಳ್ಳುವ ಮೊದಲು ಬ್ಯಾಗಿನೊಳಗಿನ ಕೊಳಲು ನೋಡಿದೆ. ಅದಕ್ಕೇನೂ ಆಗಿರಲಿಲ್ಲ.

ಕೊಳಲೆಂದರೆ ಬೆರಳಿನ ಕೆಲಸ ಎಂದು ಜನ ತಿಳಿದಿದ್ದಾರೆ. ತುಟಿ ಬಿಗಿಯದಿದ್ದರೆ ಮೇಲಿನ ಸ, ತಾರ ಷಡ್ಜ, ಹುಟ್ಟುವುದೇ ಇಲ್ಲ, ಆ ತುಟಿಗೆ ಒಳಗಿನಿಂದ ಆಸರೆ ಹಲ್ಲು. ಕಟ್ಟಿಸಿದ ಹಲ್ಲು ಹಾಕಿಕೊಂಡು ಊದಿದರೆ ಸಂದಿಯಲ್ಲಿ ಗಾಳಿ ಸೋರಿ ಕುಕ್ಕರಿನ ಸದ್ದು. ತೆಗೆದು ಊದಿದರೆ ಮಂದ್ರ ಚೆನ್ನಾಗಿತ್ತು, ಮೇಲಕ್ಕೆ ಹೋದರೆ ಬರೀ ಉಸಿರು.

"ಸಾಕು ಬುಡಿ ಇನ್ನ, ಊದಿದ್ದು," ಎಂದಳು ಹೆಂಡತಿ. "ಹಲ್ಲಿಲ್ದಿದ್ರೂ ಹಟಕ್ಕೇನ್ ಕಮ್ಮಿಯಿಲ್ಲ."

"ಮುದ್ದೆ ನುಂಗೋಕೆ ಹಲ್ಲು ಬೇಕೇನೇ? ಇದಕ್ಕೂ ಬ್ಯಾಡ," ಎಂದೆ.

ಹಿಂದೆ, ಹಾಡುಗಾರರ ಶ್ರುತಿಗೆ ಇಳಿಯಲೆಂದು ನಾನು ಉದ್ದನೆಯ ಕೊಳಲು ಮಾಡಿಕೊಂಡಾಗ, ಒಲೆ ಉರಿಸುವ ಊದುಗೊಳವೆ ಎಂದು ನಕ್ಕಿದ್ದರು. ನಕ್ಕವರೇ ಆಮೇಲೆ ತಮ್ಮ ಮಕ್ಕಳಿಗೆ ಅಂಥದ್ದೇ ಬೇಕೆಂದು ಬಂದರು. ಈ ಸಲ ನನ್ನ ಬಾಯಿಗೆ ತಕ್ಕ ಕೊಳಲು ಬೇಕಿತ್ತು. ಮದ್ದೂರಿನ ಮನೆಯ ಹಿತ್ತಲಲ್ಲಿ ಕಬ್ಬಿಣದ ಕಡ್ಡಿ ಕಾಯಿಸಿ, ಊದುವ ತೂತನ್ನು ಮೊಟ್ಟೆಯಾಕಾರಕ್ಕೆ ತಂದು, ಆಚೆಯ ಅಂಚನ್ನು ಕೆರೆದು ಚೂಪು ಮಾಡಿದೆ. ಬಿದಿರು ಸೀಳಿತು. ಇನ್ನೊಂದಕ್ಕೆ ತೂತು ಸುಟ್ಟೆ. ಅದೂ ಸೀಳಿತು. ಬೈದುಕೊಂಡು ಮತ್ತೊಂದು ಹಿಡಿದೆ, ಅದು ಸೀಳಲಿಲ್ಲ. ಆ ಕೊಳಲಿನಲ್ಲಿ ತಾರ ಷಡ್ಜ ಒಮ್ಮೆ ಬರುತ್ತಿತ್ತು, ಒಮ್ಮೆ ಕೈಕೊಡುತ್ತಿತ್ತು.

ಅಷ್ಟರಲ್ಲಿ ಮಳವಳ್ಳಿಯ ಉತ್ಸವ ಸಮಿತಿಯ ಅಧ್ಯಕ್ಷರು ಮನೆಗೆ ಬಂದರು. ಪ್ರತಿ ವರ್ಷ ಅಲ್ಲಿ ನನ್ನ ಕಚೇರಿ ಇರುತ್ತಿತ್ತು.

"ಮೇಷ್ಟ್ರೇ, ಈ ಸಲ ತೊಂದ್ರೆ ತಕಬ್ಯಾಡಿ. ಸುಮ್ಕೆ ಬಂದು ಕೂತ್ಕಳಿ. ಶಾಲು ಆಕ್ತೀವಿ, ಆರ ಆಕ್ತೀವಿ. ಆಮೇಕೆ ಬೇರೇರು ಆಡ್ತಾರೆ."

ಮೈಯೆಲ್ಲ ಉರಿಯಿತು. ಉಸಿರಾಡುತ್ತಿರುವವನಿಗೆ ಹಾರ ಹಾಕಿ ಮೂಲೆಗೆ ಕೂರಿಸುವುದನ್ನು ಇವರು ಮರ್ಯಾದೆ ಎನ್ನುತ್ತಾರೆ. ಆದರೂ ಬರುತ್ತೇನೆ ಎಂದೆ.

ಅಂದು ವೇದಿಕೆಯಲ್ಲಿ ಶಾಲು ಹೊದಿಸಿದರು, ಫೋಟೋ ಆಯಿತು. ಇನ್ನು ಇಳಿಯಿರಿ ಎಂಬಂತೆ ಅಧ್ಯಕ್ಷರು ಮೆಟ್ಟಿಲಿನ ಕಡೆ ಕೈ ತೋರಿಸಿದರು. ನಾನು ಬ್ಯಾಗಿನಿಂದ ಹೊಸ ಕೊಳಲು ತೆಗೆದು ಮೈಕಿನ ಮುಂದೆ ಚಕ್ಕಳಮಕ್ಕಳ ಹಾಕಿ ಕೂತೆ. ಮುಂದಿನ ಹಾಡುಗಾರಿಕೆಗೆ ಇಟ್ಟಿದ್ದ ಶ್ರುತಿಪೆಟ್ಟಿಗೆಯನ್ನು ನನ್ನ ಶ್ರುತಿಗೆ ತಿರುಗಿಸಿ, ಎಲ್ಲರೆದುರೇ ಹಲ್ಲಿನ ಸೆಟ್ಟು ತೆಗೆದು ಜುಬ್ಬಾ ಜೇಬಿಗೆ ಹಾಕಿಕೊಂಡೆ. ಮುಂದಿನ ಸಾಲಿನಲ್ಲಿ ಕಿಸಕ್ಕೆಂದರು. ನಗಲಿ.

ಮಂದ್ರದಲ್ಲೇ ತೆವಳುವ ರಾಗ ಹಿಡಿದು ಪಾರಾಗಬಹುದಿತ್ತು. ಬೇಕೆಂದೇ ಬಿಲಹರಿ ಹಿಡಿದೆ, ಮೇಲಕ್ಕೆ ಹಾರುವ ರಾಗ. ತಾರ ಷಡ್ಜಕ್ಕೆ ಹೋದಾಗ ಸ್ವರ ಹರಿದು ಬರೀ ಗಾಳಿ ಬಂತು. ಯಾರೋ "ಅಯ್ಯೋ ಪಾಪ" ಎಂದರು. ಆ ಪಾಪಕ್ಕೆ ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಗಲ್ಲ ಒತ್ತಿ, ಕೊಳಲನ್ನು ಒಂದಿಷ್ಟು ಒಳಕ್ಕೆ ಹೊರಳಿಸಿ ಮತ್ತೆ ಹೋದೆ. ಬಂತು. ಒರಟಾಗಿತ್ತು, ಆದರೆ ಅಲುಗದೆ ನಿಂತಿತು.

ಅಧ್ಯಕ್ಷರು ಮೈಕಿನ ಹುಡುಗನಿಗೆ ಆರಿಸು ಎಂದು ಸನ್ನೆ ಮಾಡುವುದು ಕಾಣಿಸಿತು. ಊದುತ್ತಿದ್ದ ನನಗೆ ಬಾಯಿ ಬಿಡುವಂತಿರಲಿಲ್ಲ.

ಹೆಂಗಸರ ಸಾಲಿನಿಂದ ನನ್ನ ಹೆಂಡತಿ ಎದ್ದು ನಿಂತಳು.

"ಏಯ್, ಆರಿಸ್ಬ್ಯಾಡ ಕಣ್ಲಾ! ಇನ್ನೂ ಮುಗುದಿಲ್ಲ ಅವ್ರುದು!"