ತುರ್ಸುನಾಯ್ ಅಕ್ಕ ರೊಟ್ಟಿಯ ಮೇಲೆ ಕೈಯಿಟ್ಟ ದಿನ

ಕುರಿ ಕಾಯುವವರ ಮನೆಯಿಂದ ಬಂದು ನರ್ಸ್ ಆದ ತುರ್ಸುನಾಯ್ ಅಕ್ಕ ನಮ್ಮ ಊರಿನ ಆಸ್ಪತ್ರೆಯಲ್ಲಿ ಇದ್ದಷ್ಟು ಕಾಲ, ಒಳಗೆ ಮಲಗಿದವರ ಸಮಾಚಾರ ಅವಳಿಂದ ಹೊರಗೆ ಬಂದದ್ದಿಲ್ಲ. ನಮ್ಮ ಈ ನರಿನ್ ಕಣಿವೆಯಲ್ಲಿ ಇದು ಸಣ್ಣ ಮಾತಲ್ಲ. ಇಲ್ಲಿ ಎಲ್ಲರೂ ಎಲ್ಲರಿಗೂ ನೆಂಟರು. ನೆಂಟರು ಕೇಳಿದ್ದಕ್ಕೆ ಉತ್ತರ ಕೊಡದಿದ್ದರೆ, ಊಟಕ್ಕೆ ಕೂತವರನ್ನು ಎಬ್ಬಿಸಿದಷ್ಟೇ ತಪ್ಪು. ಅಕ್ಕ ಮಾತ್ರ ಯಾರು ಏನು ಕೇಳಿದರೂ "ಚಹಾ ಕುಡಿದು ಹೋಗಿ" ಎನ್ನುತ್ತಿದ್ದಳು. ಕುದುರೆಯಿಂದ ಬಿದ್ದು, ಪ್ಲಾಸ್ಟರ್ ಹಾಕಿದ ಕಾಲು ಚಾಚಿ ಬಾಗಿಲಲ್ಲೇ ಕೂತಿದ್ದ ಮುದುಕನ ಬಗ್ಗೆ ಕೇಳಿದರೂ ಅದೇ ಚಹಾ. ಇವಳ ಬಾಯಿ ತೆಗೆಸೋಕೆ ಹಲ್ಲಿನ ಡಾಕ್ಟರೇ ಬರಬೇಕು ಎಂದು ಊರವರು ಆಡಿಕೊಳ್ಳುತ್ತಿದ್ದರು.

"ಕಾಲು ಮುರಿದದ್ದು ಎಲ್ಲರಿಗೂ ಕಾಣ್ತಿದೆಯಲ್ಲಕ್ಕ?" ಎಂದು ನಾನೊಮ್ಮೆ ಕೇಳಿದ್ದೆ.

"ಅವನದನ್ನ ಹೇಳಿ ನಿನ್ನದನ್ನ ಹೇಳದೆ ಬಿಟ್ರೆ, ನಿನ್ನದೇನೋ ಮುಚ್ಚಿಡೋಂಥದ್ದಿದೆ ಅಂತ ಆಗಲ್ವೇನೇ?"

ಆಗ ನಾನು ಅಲ್ಲಿ ಕ್ಷಯಕ್ಕೆ ಔಷಧಿ ತೆಗೆದುಕೊಳ್ಳುತ್ತಿದ್ದೆ. ಪೂರ್ತಿ ವಾಸಿಯಾಗಿದೆ ಎಂದು ಡಾಕ್ಟರು ಹೇಳಿದ ಮೇಲೆ ಎರ್ಮೆಕ್ ಎಂಬ ಹುಡುಗನ ಜೊತೆ ಮದುವೆಯ ಮಾತು ಬಂತು. ಅವನಿಗೆ ನಾನೇ ಎಲ್ಲ ಹೇಳಿದ್ದೆ. ಅವನ ತಾಯಿ, ಊರವರೆಲ್ಲ ಹಿರಿಯರೆಂದು 'ಅಪಾ' ಎನ್ನುವ ಬುರುಲ್ ಅಪಾ, ಬಂದು ನನ್ನ ಕಿವಿಗೆ ಓಲೆ ತೊಡಿಸಿದರೆ ಸಂಬಂಧ ಗಟ್ಟಿ. ಅಷ್ಟರಲ್ಲಿ ಯಾರೋ ಅವರ ಕಿವಿ ಊದಿದರು.

ಆ ಮಧ್ಯಾಹ್ನ ನಾನು ಕೊನೆಯ ತಪಾಸಣೆ ಮುಗಿಸಿ, ಅಕ್ಕನ ಕೋಣೆಯ ಪರದೆಯ ಹಿಂದೆ ಕೋಟಿನ ಗುಂಡಿ ಹಾಕಿಕೊಳ್ಳುತ್ತಿದ್ದೆ. ಬಾಗಿಲು ತೆರೆದ ಸದ್ದಿನ ಹಿಂದೆಯೇ ಬುರುಲ್ ಅಪಾ ದನಿ ಕೇಳಿತು.

"ಚಹಾದ ಹೆಸರೆತ್ತಿದ್ರೆ ಕೆಟಲನ್ನೇ ಆಚೆ ಎಸೀತೀನಿ!"

"ಹಾಗಾದ್ರೆ ಸುಮ್ನೆ ಕೂತ್ಕೊಳ್ಳಿ ಅಪಾ."

"ನೀನು ನಮ್ಮ ಕುಲದವಳು. ನಿನ್ನ ಮದುವೇಲಿ ಕುರಿ ಕೊಯ್ದದ್ದು ನನ್ನ ಗಂಡ. ಹೇಳು, ಆ ಹುಡುಗಿಗೆ ಕ್ಷಯ ಇತ್ತಾ, ಇಲ್ವಾ?"

ಅಪಾ ಮೇಜಿನ ಮೇಲೆ ಏನನ್ನೋ ಇಟ್ಟ ಸದ್ದಾಯಿತು. ಬಿಸಿ ರೊಟ್ಟಿಯ ವಾಸನೆ ಪರದೆಯೊಳಕ್ಕೂ ಬಂತು.

"ಇದರ ಮೇಲೆ ಕೈಯಿಟ್ಟು ಇಲ್ಲ ಅನ್ನು. ನಾಳೆಯೇ ಓಲೆ ತೊಡಿಸ್ತೀನಿ."

ನನ್ನ ಕೈ ಗುಂಡಿಯ ಮೇಲೇ ನಿಂತಿತು. ರೊಟ್ಟಿಯ ಮೇಲೆ ಕೈಯಿಟ್ಟು ಸುಳ್ಳಾಡುವವರು ನಮ್ಮಲ್ಲಿಲ್ಲ. ಅಕ್ಕ ಕೈಯಿಡದಿದ್ದರೆ ಹೌದೆಂದೇ ಅರ್ಥ.

"ಇಡ್ತೀನಿ," ಎಂದಳು ಅಕ್ಕ. "ಈ ಆಸ್ಪತ್ರೆಗೆ ಬಂದ ಒಬ್ಬರ ವಿಷಯವನ್ನೂ ನಾನು ಇವತ್ತಿನವರೆಗೆ ಹೊರಗೆ ಯಾರಿಗೂ ಹೇಳಿಲ್ಲ. ಮುಂದೆಯೂ ಹೇಳಲ್ಲ. ಸುಳ್ಳಾದ್ರೆ ಈ ರೊಟ್ಟಿಯೇ ನನ್ನನ್ನ ಹೊಡೀಲಿ."

"ನಾನು ಕೇಳಿದ್ದು ಅದಲ್ಲ!"

"ನನ್ನ ಹತ್ರ ಇರೋ ಆಣೆ ಅದೊಂದೇ ಅಪಾ."

ಕುರ್ಚಿ ಕಿರುಗುಟ್ಟಿತು. ಬುರುಲ್ ಅಪಾ ತಗ್ಗಿದ ದನಿಯಲ್ಲಿ ಕೇಳಿದರು.

"ಯಾರಿಗೂ ಅಂದ್ರೆ... ನಾನು ಇಲ್ಲಿ ಮಲಗಿದ್ದಾಗ ನಮ್ಮತ್ತೆ ಬಂದು ಕೇಳಿರಲಿಲ್ವಾ?"

"ಕೇಳಿದ್ರು. ಕುರಿಯ ತೊಡೆ ಮಾಂಸ ಬೇರೆ ತಂದಿದ್ರು."

"ನೀನೇನಂದೆ?"

"ಚಹಾ ಕುಡಿದು ಹೋಗಿ ಅಂದೆ."

ಬುರುಲ್ ಅಪಾ ನಕ್ಕರೋ ಅತ್ತರೋ ನನಗೆ ತಿಳಿಯಲಿಲ್ಲ. "ಅಯ್ಯೋ ನಿನ್ನ! ನಮ್ಮತ್ತೆ ಎಲ್ಲ ಗೊತ್ತಿದ್ದೂ ಸುಮ್ಮನಿದ್ದಾಳೆ ಅಂತ, ಅವಳು ಸಾಯೋವರೆಗೂ ಅವಳ ಮುಖ ನೋಡೋಕೆ ಹೆದರ್ತಿದ್ದೆನಲ್ಲೇ! ಅವಳಿಗೆ ಏನೂ ಗೊತ್ತಿರಲಿಲ್ವಾ?"

"ನನ್ನಿಂದಂತೂ ಇಲ್ಲ."

ರೊಟ್ಟಿ ಮುರಿದ ಸದ್ದಾಯಿತು. "ಹಾಕು, ಹಾಕು ನಿನ್ನ ಚಹಾ. ಸಕ್ಕರೆ ಜಾಸ್ತಿ ಇರಲಿ."

ನಾನು ಉಳಿದ ಗುಂಡಿಗಳನ್ನು ಹಾಕಿಕೊಂಡೆ. ಅವರು ಹೋದ ಮೇಲೆ ಅಕ್ಕ ಪರದೆ ಸರಿಸಿ, ಮಿಕ್ಕ ರೊಟ್ಟಿಯ ತುಂಡನ್ನು ನನ್ನ ಕೈಗಿಟ್ಟಳು. "ತಿನ್ನು. ಮುಖ ಬಿಳಿಚಿಕೊಂಡಿದೆ."

ಮರುದಿನವೇ ಅಪಾ ಬಂದು ಓಲೆ ತೊಡಿಸಿದರು. ನನ್ನನ್ನು ಏನೂ ಕೇಳಲಿಲ್ಲ.

ಮಗಳು ಹುಟ್ಟಿದ ಮೇಲೆ ಒಂದು ದಿನ ನಾನೇ ಮನಸ್ಸು ಮಾಡಿ, ನನ್ನ ಕ್ಷಯದ ಕಥೆಯನ್ನು ಅತ್ತೆಗೆ ಹೇಳಿದೆ. ಅವರು ಮೊಮ್ಮಗಳ ಟೋಪಿ ಸರಿ ಮಾಡುತ್ತಾ ಪೂರ್ತಿ ಕೇಳಿಸಿಕೊಂಡರು. "ಚಹಾ ಆರಿಹೋಗ್ತಿದೆ, ಕುಡಿಯೇ," ಎಂದರು. ಅವರು ಆಸ್ಪತ್ರೆಯಲ್ಲಿ ಯಾಕೆ ಮಲಗಿದ್ದರೆಂದು ನನಗೆ ಇವತ್ತಿಗೂ ಗೊತ್ತಿಲ್ಲ. ನಾನು ಚಹಾ ಕುಡಿದೆ.